ಎಡಗೈಯ ಮಂಗಳಾರತಿ

ನಮ್ಮ ಮಾವನಿಗೆ ಸ್ವಂತ ನೆಂಟರ ಮದುವೆಗೆ ಹೋಗಲು ಪುರುಸೊತ್ತಿಲ್ಲ. ಆದರೆ ಗುರುತು ಪರಿಚಯವೇ ಇಲ್ಲದ ಒಂದು ಸಂಸಾರದ ಮದುವೆ, ಮುಂಜಿ, ನಾಮಕರಣಗಳನ್ನೆಲ್ಲ ದಿನವೂ ಮೆತ್ತನೆಯ ಬ್ರಶ್ಶಿನಲ್ಲಿ ಧೂಳು ಹೊಡೆದು ಒಪ್ಪವಾಗಿ ಎತ್ತಿಡುತ್ತಾರೆ!

ಒಮ್ಮೆ ಅವರು ಫ್ಯಾನಿನ ರೆಗ್ಯುಲೇಟರ್ ಹುಡುಕಿಕೊಂಡು ತೊಕ್ಕೊಟ್ಟಿನ ಗುಜರಿ ಅಂಗಡಿಗೆ ಹೋಗಿದ್ದರು. ಬಂದದ್ದು ಒಂದು ತಗಡಿನ ಪೆಟ್ಟಿಗೆ ಹಿಡಿದುಕೊಂಡು. ಒಳಗೆ ರಟ್ಟಿನ ಚೌಕಟ್ಟು ಹಾಕಿದ ಪುಟ್ಟ ಪುಟ್ಟ ಬಣ್ಣದ ಫಿಲ್ಮ್ ತುಂಡುಗಳು. ಹಿಂದೆಲ್ಲ ಗೋಡೆಯ ಮೇಲೆ ಬೆಳಕು ಬಿಟ್ಟು ತೋರಿಸುತ್ತಿದ್ದರಲ್ಲ, ಆ ಸ್ಲೈಡುಗಳು. ಯಾರದ್ದೆಂದು ಅಂಗಡಿಯವನಿಗೂ ಗೊತ್ತಿಲ್ಲ. ಕೂಳೂರಿನ ಅವರ ಫ್ಲ್ಯಾಟಿನಲ್ಲಿ ಆ ಫ್ಯಾನು ಇವತ್ತಿಗೂ ಒಂದೇ ವೇಗದಲ್ಲಿ ತಿರುಗುತ್ತಿದೆ.

ಆಮೇಲೆ ಹಳೆಯದೊಂದು ಸ್ಕ್ಯಾನರ್ ಬಂತು. ಸ್ಲೈಡನ್ನು ಅದರೊಳಗೆ ತಳ್ಳಿ ಚಿತ್ರವನ್ನು ಟಿವಿಯಲ್ಲಿ ನೋಡುವುದು ಮಾವನ ಕಸುಬಾಯಿತು. ಬೂಷ್ಟು ಅವರ ಪರಮ ವೈರಿಯಾಯಿತು. ನಮ್ಮ ಸೆಕೆಗೆ, ನದಿಯ ಗಾಳಿಗೆ ಫಿಲ್ಮಿನ ಮೇಲೆ ಬೂಷ್ಟು ಬಾರದೆ ಇರುತ್ತದೆಯೇ? ಅದಕ್ಕೆ ಹೊಸ ಚಪ್ಪಲಿ, ಹೊಸ ಚೀಲಗಳೊಳಗೆ ಇರುತ್ತದಲ್ಲ, ತೇವ ಹೀರುವ ಪೊಟ್ಟಣ, ಅದನ್ನು ಕಂಡಕಂಡವರ ಹತ್ತಿರ ಕೇಳತೊಡಗಿದರು. ಹೋದ ಒಂದೇ ಒಂದು ಮದುವೆಯಲ್ಲೂ ವೇದಿಕೆ ಹತ್ತಿ, ಮದುಮಗಳ ತಲೆಗೆ ಅಕ್ಷತೆ ಹಾಕಿ, "ನಿನ್ನ ಹೊಸ ಬ್ಯಾಗಿನಲ್ಲಿ ಒಂದು ಸಣ್ಣ ಪೊಟ್ಟಣ ಉಂಟು, ಬಿಸಾಡಬೇಡ ಆಯ್ತಾ" ಎಂದರು. ಮದುಮಗಳು ಅದನ್ನೂ ಆಶೀರ್ವಾದವೆಂದೇ ತಿಳಿದು ಕೈಮುಗಿದಳು. ಗಾಳಿಯಾಡದ ಡಬ್ಬಿಯಿಂದ ಚಕ್ಕುಲಿಯನ್ನು ಓಡಿಸಿ ಸ್ಲೈಡುಗಳನ್ನು ಕೂರಿಸಿದರು. ಈಗ ಅವರ ಮನೆಯಲ್ಲಿ ಚಕ್ಕುಲಿ ಮೆತ್ತಗೆ.

ನಾನು ದಿನಚರಿ ಬರೆಯುವವಳು. ನೆನಪನ್ನು ನಂಬಬಾರದೆಂದೇ ಬರೆದಿಡುವವಳು. ಅಂಥ ನನಗೇ, ಆ ಚಿತ್ರಗಳನ್ನು ನೋಡಿ ನೋಡಿ, ಅದರಲ್ಲಿನ ಎರಡು ಜಡೆಯ ಹುಡುಗಿಯ ಜೊತೆ ಪಣಂಬೂರು ಕಡಲ ಬದಿಯಲ್ಲಿ ಚರುಮುರಿ ತಿಂದ ನೆನಪು ಬರತೊಡಗಿತು. ಆ ಹುಡುಗಿ ನಾನು ಹುಟ್ಟುವುದಕ್ಕಿಂತ ಬಹಳ ಮೊದಲಿನವಳು!

ನೆನಪಿನ ಮಾತು ಬಂದದ್ದರಿಂದ ಅತ್ತೆಯ ವಿಷಯ ಹೇಳಲೇಬೇಕು. ಅತ್ತೆ ಎಂದರೆ ಮಾವನ ಹೆಂಡತಿ, ನನ್ನ ಅಪ್ಪನ ಅಕ್ಕ, ದೇವಸ್ಥಾನದ ಅರ್ಚಕರ ಮಗಳು. ಇತ್ತೀಚೆಗೆ ಅವರಿಗೆ ಹೆಸರುಗಳು ಮರೆಯುತ್ತಿವೆ. ಬಂದ ನೆಂಟರೆಲ್ಲ ಕೂತಲ್ಲಿಂದಲೇ ಪರೀಕ್ಷೆ ಶುರು ಮಾಡುತ್ತಾರೆ: "ಅಕ್ಕ, ನಾನು ಯಾರು ಹೇಳಿ ನೋಡುವ?" ಅತ್ತೆ ಒಂದಷ್ಟು ದಿನ ನಕ್ಕು ತಪ್ಪಿಸಿಕೊಂಡರು. ಆಮೇಲೆ ಕರೆಗಂಟೆ ಕೇಳಿದ ಕೂಡಲೇ ಕೋಣೆಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗತೊಡಗಿದರು. ಕೊನೆಗೆ ಕರೆಗಂಟೆ ಆಗದಿದ್ದರೂ ಹೊರಗೆ ಬರುವುದನ್ನು ಬಿಟ್ಟರು.

ಅಪ್ಪನಿಗೆ ಸಿಟ್ಟು. "ಅಕ್ಕ ಒಳಗೆ ಮುದುಡಿ ಕೂತಿದ್ದಾಳೆ, ಭಾವನಿಗೆ ಊರವರ ಫೋಟೋ. ಮನೆಯ ಆಲ್ಬಮ್ ತೋರಿಸ್ಲಿಕ್ಕೆ ಎಂತ ರೋಗ?" ಎಂದು ನಮ್ಮ ದಪ್ಪ ಆಲ್ಬಮನ್ನು ನನ್ನ ಕೈಗೆ ಕೊಟ್ಟು ಕಾಟಿಪಳ್ಳದಿಂದ ಬಸ್ಸು ಹತ್ತಿಸಿದರು.

ಹೋದರೆ ಮಾವ ಟಿವಿಯ ಮುಂದೆ ಶೋಕಾಚರಣೆಯಲ್ಲಿದ್ದರು. ಪರದೆಯಲ್ಲಿ ಮಣೆಯ ಮೇಲೆ ಕೂತ ಒಬ್ಬ ಯುವಕ, ಪಕ್ಕದಲ್ಲಿ ಸೀರೆಯುಟ್ಟ ಹುಡುಗಿ, ಎದುರಿಗೆ ಭಟ್ಟರು.

"ತಿಥಿ ಮಾರಾಯ್ತಿ. ಜನಿವಾರ ಬಲ ಹೆಗಲಲ್ಲಿ ಉಂಟು ನೋಡು. ಪಾಪ, ಇಷ್ಟು ಸಣ್ಣ ಪ್ರಾಯಕ್ಕೆ ಅಪ್ಪ ಹೋದ" ಎಂದರು.

ಶುಭಕಾರ್ಯಕ್ಕೆ ಜನಿವಾರ ಎಡ ಹೆಗಲಲ್ಲಿ, ಪಿತೃಕಾರ್ಯಕ್ಕೆ ಬಲಕ್ಕೆ. ಅಷ್ಟು ನನಗೂ ಗೊತ್ತು. ಹಾಗಾಗಿ ನಾನೂ ಮುಖ ಸಣ್ಣದು ಮಾಡಿದೆ.

"ತಿಥಿಗೆ ಯಾರು ಮಂಗಳಾರತಿ ಎತ್ತುತ್ತಾರೆ?"

ತಿರುಗಿ ನೋಡಿದರೆ ಕೋಣೆಯ ಬಾಗಿಲಲ್ಲಿ ಅತ್ತೆ. "ಭಟ್ರ ಎಡಗೈಯಲ್ಲಿ ಆರತಿ, ಬಲಗೈಯಲ್ಲಿ ಘಂಟೆ. ಆ ಹುಡುಗಿಯ ಸೆರಗು ಬಲ ಹೆಗಲಲ್ಲಿ. ಎಂತದ್ದು ಇದು? ನೀವು ಚಿತ್ರ ಮಗುಚಿ ಹಾಕಿದ್ದೀರಿ."

ಮಾವ ಸ್ಲೈಡನ್ನು ಬೆನ್ನು ಮುಂದಾಗಿ ತಳ್ಳಿದ್ದರು, ಎಡವೆಲ್ಲ ಬಲವಾಗಿತ್ತು. ತಿರುಗಿಸಿ ಹಾಕಿದ್ದೇ ತಡ, ತಿಥಿ ಹೋಗಿ ಗೃಹಪ್ರವೇಶವಾಯಿತು! ಸತ್ತ ಅಪ್ಪ ಬದುಕಿದ.

"ದಿನಗಟ್ಟಲೆ ಅವನಿಗೋಸ್ಕರ ಬೇಜಾರು ಮಾಡಿದೆನಲ್ಲ" ಎಂದು ಮಾವ ಗೊಣಗಿದರು. ಅತ್ತೆ ಕುರ್ಚಿ ಎಳೆದು ಕೂತು, "ಬುದ್ಧಿ ಬೇಕು. ಮುಂದಿನದ್ದು ಹಾಕಿ" ಎಂದರು.

ಆಲ್ಬಮನ್ನು ಚೀಲದಿಂದ ತೆಗೆಯಲು ಹೋದೆ. ಮಾವ ಕಣ್ಣಲ್ಲೇ ಬೇಡವೆಂದರು.

ಮುಂದಿನ ತಿಂಗಳು ಮತ್ತೆ ಹೋದಾಗ ಅತ್ತೆ ಮೊದಲೇ ಕುರ್ಚಿಯಲ್ಲಿದ್ದರು. ಪರದೆಯಲ್ಲಿ ಊಟದ ಪಂಕ್ತಿ. ಎಲ್ಲರೂ ಎಡಗೈಯಲ್ಲಿ ಉಣ್ಣುತ್ತಿದ್ದಾರೆ.

"ನೋಡಿ, ಎಲೆಯ ಕುಡಿ ಬಲಕ್ಕೆ ಬಂದಿದೆ. ನಿಮಗೆ ಎಷ್ಟು ಸಲ ಹೇಳುವುದು?" ಅತ್ತೆ ಗದರಿದರು.

"ಹೌದಾ? ನನಗೆ ಗೊತ್ತೇ ಆಗ್ಲಿಲ್ಲ" ಎಂದು ಮಾವ ತಲೆ ಕೆರೆದುಕೊಂಡರು.

ಅತ್ತೆ ನೀರು ಕುಡಿಯಲು ಒಳಗೆ ಹೋದಾಗ ನಾನು ಮಾವನ ಬಳಿಗೆ ಸರಿದೆ. "ಮಾವ, ಮಗುಚಿ ಬಿದ್ದದ್ದನ್ನೆಲ್ಲ ಕಂಪ್ಯೂಟರಿನಲ್ಲಿ ಒಂದೇ ಸಲ ಸರಿ ಮಾಡಿ ಕೊಡ್ತೇನೆ."

"ಎಲ್ಲ ಸರಿಯೇ ಉಂಟು" ಎಂದರು ಮಾವ, ಧ್ವನಿ ತಗ್ಗಿಸಿ. "ಇದೊಂದನ್ನು ಬೆಳಿಗ್ಗೆ ನಾನೇ ಮಗುಚಿ ಇಟ್ಟದ್ದು. ದಿನಕ್ಕೊಂದು ಇಡ್ತೇನೆ. ಅವಳು ಬಂದು ಸರಿ ಮಾಡ್ಬೇಕಲ್ಲ."



ಅಷ್ಟರಲ್ಲಿ ಅತ್ತೆ ಬಂದು ಕೂತರು. ಮಾವ ಮುಂದಿನ ಚಿತ್ರ ಹಾಕಿದರು. ಕಿಟಕಿಯ ಬಳಿ, ಮಗುವನ್ನೆತ್ತಿಕೊಂಡ ಹೆಂಗಸು. ಅತ್ತೆ ಬಹಳ ಹೊತ್ತು ಅವಳನ್ನೇ ನೋಡಿದರು. ಹಣೆ ಗಂಟಾಗತೊಡಗಿತು.

"ಇವಳು ಯಾರು?"

"ನನಗೆ ಗೊತ್ತಿಲ್ಲ ಮಾರಾಯ್ತಿ" ಎಂದರು ಮಾವ.

ಅತ್ತೆಯ ಹಣೆಯ ಗಂಟು ಸಡಿಲವಾಯಿತು. "ನನಗೂ ಗೊತ್ತಿಲ್ಲ" ಎಂದು ನಕ್ಕರು.