ಪದರ ಬಿಚ್ಚಿ ನೋಡ್ರಿ

ಕೊಪ್ಪಳದ ಹತ್ತಿರ ಬೆಳೆಗೆ ಔಷಧ ಹೊಡೆಯುವ ಪಂಪು ತಯಾರಿಸುವ ಕಾರ್ಖಾನೆಯಲ್ಲಿ ನಾನು ನಕ್ಷೆ ಬರೆಯುವವಳು. ಪಂಪಿನ ಮೇಲಿನ ಲೇಬಲ್ಲಿಗೂ ನಕ್ಷೆ ಬೇಕು. ಎಷ್ಟು ಪದರ, ಯಾವುದರ ಮೇಲೆ ಯಾವುದು ಅಂತ ತೋರಿಸಬೇಕು. ನಾನು ಒಂದು ಬರೆದರೆ ನೋಡುವವರು ಇನ್ನೊಂದು ಓದುತ್ತಾರೆ. ಹಾಗೆ ಹೇಗೆ ಓದಿದರು ಅನ್ನುವ ಕುತೂಹಲ ನನಗಿನ್ನೂ ತಣಿದಿಲ್ಲ.

ಸಂದು

ಪದರಗಳು ಬೇರೆಬೇರೆ ಕಾಣಲೆಂದು ನಡುವೆ ಜಾಗ ಬಿಟ್ಟು ಬರೆದಿದ್ದೆ. ಲೇಬಲ್ ಅಂಟಿಸುವ ಅಕ್ಕ ನಕ್ಷೆ ಹಿಡಿದು ಬಂದರು.

"ಮೇಡಂ, ನಡುವ ಇಷ್ಟು ಸಂದ ಬಿಡಬೇಕೇನ್ರಿ?"

"ಇಲ್ರಿ ಅಕ್ಕಾರ, ತಿಳೀಲಿ ಅಂತ ಹಂಗ ಬರದೀನಿ. ಎಲ್ಲಾ ಕೂಡೇ ಇರ್ತಾವ."

"ಕೂಡಿದ್ದನ್ನ ಬ್ಯಾರಿ ಮಾಡೂದು ನಮ್ಮ ಅತ್ತಿ ಕೆಲಸರಿ, ನಿಮಗ್ಯಾಕ ಬೇಕಾಗಿತ್ತು?"

ಅಂಟು

ಅಂಟಿನ ಪದರಕ್ಕೆ ಬಾಣ ಹಾಕಿ 'ಕಣ್ಣಿಗೆ ಕಾಣಬಾರದು' ಎಂದು ಬರೆದು ಗಂಗಾವತಿಯ ಪ್ರೆಸ್ಸಿಗೆ ಕಳಿಸಿದೆ. ಅಚ್ಚಾಗಿ ಬಂದ ಲೇಬಲ್ಲಿನ ನಟ್ಟನಡುವೆ ಕೆಂಪಕ್ಷರದಲ್ಲಿ 'ಕಣ್ಣಿಗೆ ಕಾಣಬಾರದು'! ಫೋನ್ ಮಾಡಿದೆ.

"ಕಾಣಬಾರದು ಅಂದದ್ದನ್ನ ಅಚ್ಚು ಹಾಕೀರಲ್ರಿ!"

"ನಿಮ್ಮ ಅಕ್ಷರ ಭಾಳ ಸಣ್ಣು ಇದ್ವುರಿ ಮೇಡಂ. ಕಾಣ್ಲಿ ಅಂತ ದಪ್ಪ ಮಾಡೇನ್ರಿ."

ಯಲಬುರ್ಗಾ ಕಡೆಯ ಫೋನು

ಹಳ್ಳಿಯ ಒಬ್ಬ ಹೆಣ್ಣುಮಗಳು ಫೋನ್ ಮಾಡಿದರು. "ಹೊಸಾ ಪಂಪ್ ಚಾಲೂನ ಆಗವಲ್ದು. ತೊಗರಿಗೆ ಹುಳ ಬಿದ್ದೈತಿ."

ಚಾಲೂ ಮಾಡುವ ಕ್ರಮ ಲೇಬಲ್ಲಿನ ನಡುವಿನ ಪದರದಲ್ಲಿತ್ತು. ಮೇಲಿನ ಪದರದಲ್ಲಿ 'ಬಿಚ್ಚಿ ಓದಿ' ಎಂದಿತ್ತು.

"ಬಿಚ್ಚಿ ಓದ್ರಿ ಅವ್ವಾರ."

"ಬಿಚ್ಚೇನಿ. ಒಳಗೂ ಅದನ ಬರದೈತಿ. ಚಾಷ್ಟಿ ಮಾಡ್ತೀರೇನು?"

ಮೆಕ್ಯಾನಿಕ್ ಕುಷ್ಟಗಿಗೆ ಹೋಗಿದ್ದ. ಕುತೂಹಲ ತಡೆಯದೆ ನಾನೇ ಬಸ್ ಹತ್ತಿದೆ.

ನೋಡಿದರೆ ಅವರು ಹೇಳಿದ್ದು ಖರೆ. 'ಬಿಚ್ಚಿ ಓದಿ' ಬಿಚ್ಚಿದೆ; ಕೆಳಗೆ ಮತ್ತೆ 'ಬಿಚ್ಚಿ ಓದಿ'. ಆಗ ಹೊಳೆಯಿತು. ಕೆಳಗಿನಿಂದ ಎಣಿಸಿ ಮೇಲಿನ ಪದರಕ್ಕೆ ನಕ್ಷೆಯಲ್ಲಿ '೩' ಎಂದು ನಂಬರ್ ಕೊಟ್ಟಿದ್ದೆ. ನಮ್ಮಲ್ಲಿ ಲೇಬಲ್ ಅಂಟಿಸುವವರು ಅದನ್ನು ಮೂರು ಹಾಳೆ ಎಂದು ಓದಿ, ಒಂದರ ಮೇಲೊಂದು ಮೂರನ್ನೂ ಅಂಟಿಸಿದ್ದರು!

ಕೊನೆಯದನ್ನೂ ಕಿತ್ತಾಗ ಕ್ರಮ ಸಿಕ್ಕಿತು. ಅದರಂತೆ ಪೆಟ್ರೋಲಿನ ಕಾಕ್ ತೆರೆದು ಎಂಜಿನ್ನಿನ ಹಗ್ಗ ಎಳೆದದ್ದೇ ಪಂಪು ಗುರ್ ಎಂದಿತು. ನನಗೆ ಜೀವ ಬಂತು.

ಆ ತಾಯಿ ಪಂಪನ್ನು ಬೆನ್ನಿಗೇರಿಸುತ್ತ ಅಂದರು: "ಪಂಪ್ ಛಲೋ ಐತಿ ಬಿಡವಾ. ಆದ್ರ ಉಳ್ಳಾಗಡ್ಡಿ ಸುಲದ್ರ ಕಣ್ಣೀರರ ಬರ್ತಾವ. ನಿಮ್ಮ ಲೇಬಲ್ ಸುಲದ್ರ ಬರೇ ಲೇಬಲ್ಲ ಬರ್ತಾವ!"