ಕಂಬಿ ಎಣಿಸುವ ಅತ್ತೆ

ನಮ್ಮ ಸೋದರತ್ತೆ ವಾರಕ್ಕೆ ಮೂರು ದಿನವಾದರೂ ಕಂಬಿ ಎಣಿಸುತ್ತಾಳೆ. ಗಾಬರಿಯಾಗಬೇಡಿ. ಅವಳು ಕಳ್ಳತನ ಮಾಡಿಲ್ಲ, ಯಾರ ತಲೆಯನ್ನೂ ಒಡೆದಿಲ್ಲ. ಎಣಿಸುವುದು ಬಸ್ಸಿನ ಕಿಟಕಿಯ ಕಂಬಿ. ಆದರೂ ಅವಳು ತೆಗೆದ ಫೋಟೋಗಳನ್ನು ಮೊದಲ ಸಲ ನೋಡಿದವರು ನನ್ನನ್ನು ಮೆಲ್ಲಗೆ ಪಕ್ಕಕ್ಕೆ ಕರೆದು, "ನಿಮ್ಮತ್ತೆ ಆಚೆ ಬಂದು ಎಷ್ಟು ದಿನ ಆಯ್ತು?" ಎಂದು ಕೇಳುವುದುಂಟು. ಏನು ಮಾಡುವುದು? ಒಂದು ಫೋಟೋದಲ್ಲಾದರೂ ಕಂಬಿ ಇಲ್ಲದೆ ಇರಬೇಕಲ್ಲ!

ಹೆಂಗಸರಿಗೆ ಬಸ್ಸು ಪುಕ್ಕಟೆ ಆದಾಗಿನಿಂದ ಶುರುವಾದದ್ದು ಇದು. ಬೇರೆ ಹೆಂಗಸರು ದೇವಸ್ಥಾನಕ್ಕೆ ಹೋದರು, ತವರಿಗೆ ಹೋದರು. ನಮ್ಮತ್ತೆ ಎಲ್ಲಿಗೂ ಹೋಗಲಿಲ್ಲ, ಬಸ್ಸಿನಲ್ಲಿ ಕೂತಳು, ಅಷ್ಟೆ. ಕೊಳ್ಳೇಗಾಲದಲ್ಲಿ ಹತ್ತಿದರೆ ಹನೂರು, ವಾಪಸ್ಸು ಬಂದು ಯಳಂದೂರು, ಮತ್ತೆ ಕೊಳ್ಳೇಗಾಲ. ಕಂಡಕ್ಟರುಗಳಿಗೆ ಇದೊಂದು ತಲೆನೋವು.

"ಎಲ್ಲಿಗವ್ವ?"

"ಇದು ಎಲ್ಲಿಗೆ ಓಯ್ತದೆ?"

"ಹನೂರು."

"ಹಂಗಾರೆ ಹನೂರು ಕೊಡು."

"ಅಲ್ಲಿ ಯಾರವ್ರೆ ನಿಮಗೆ?"

"ನೋಡ್ಕ ಬತ್ತೀನಿ ಇರಪ್ಪ, ಯಾರ್ಯಾರವ್ರೆ ಅಂತ."

ಸೊನ್ನೆ ರೂಪಾಯಿಯ ಟಿಕೆಟನ್ನು ಸೆರಗಿಗೆ ಗಂಟು ಹಾಕಿಕೊಂಡು, ಮೊಬೈಲು ಎತ್ತಿ ಕಿಟಕಿಗೆ ಆನಿಸಿದಳೆಂದರೆ ಮುಗಿಯಿತು. ಬೇಸಿಗೆಯಲ್ಲಿ ತಾಟಿನುಂಗು ಮಾರುವವನು, ಊರಿಗೆಲ್ಲ ತಂಪು ಹಂಚುತ್ತ ತಾನು ಮಾತ್ರ ಒದ್ದೆ ಟವೆಲ್ಲು ತಲೆಗೆ ಸುತ್ತಿ ಏದುಸಿರು ಬಿಡುತ್ತಿರುತ್ತಾನೆ. ಮಳೆಗಾಲದಲ್ಲಿ ಒಂದೇ ನೀಲಿ ಟಾರ್ಪಾಲಿನೊಳಗೆ ಹೊಕ್ಕು ರಸ್ತೆ ದಾಟುವ ಮಂದಿ, ತಲೆ ಒಂದೂ ಇಲ್ಲ, ಬರೀ ಕಾಲುಗಳು. ಚಳಿಗಾಲದಲ್ಲಿ ಹನೂರಿನ ರಸ್ತೆಗೆ ಮುಸುಕಿನ ಜೋಳ ಹರಡಿ, ಅದರ ನಟ್ಟನಡುವೆ ಕುರ್ಚಿ ಹಾಕಿಸಿಕೊಂಡು ಗಡ್ಡ ಕೆರೆಸಿಕೊಳ್ಳುತ್ತಿರುವ ಯಜಮಾನ. ಇವೆಲ್ಲದರ ಮೇಲೂ ಎಡದಿಂದ ಬಲಕ್ಕೆ ಎರಡು ಕಂಬಿ, ಯಾರೋ ತಪ್ಪು ಉತ್ತರ ಹೊಡೆದು ಹಾಕಿದ ಹಾಗೆ.

"ಅತ್ತೆ, ಒಂದ್ಸಲ ಇಳಿದು ತೆಗೀಬಾರ್ದಾ?" ಎಂದು ನಾನೂ ಕೇಳಿದ್ದೇನೆ.

"ಇಳಿದು ನಿಂತ್ರೆ ಎಲ್ರೂ ಶರಟಿನ ಗುಂಡಿ ಹಾಕ್ಕಂಡು ನೆಟ್ಟಗೆ ನಿಂತ್ಕತಾರೆ ಕಣ್ಲಾ. ಗುಂಡಿ ನೋಡಕ್ಕೆ ನಾ ಅಷ್ಟು ದೂರ ಓಗ್ಬೇಕಾ? ನಮ್ಮನೇಲೇ ಡಬ್ಬಿ ತುಂಬ ಅವೆ."

ಹೌದು, ಗುಂಡಿಗೆ ಅವಳ ಮನೆಯಲ್ಲಿ ಬರವಿರಲಿಲ್ಲ. ಮಾವ ದರ್ಜಿ. ಬಸ್ ಸ್ಟ್ಯಾಂಡಿನ ಹಿಂದಿನ ಸಾಲಿನಲ್ಲಿ ಅವರ ಅಂಗಡಿ. ಮದುವೆ ಕೋಟು ಹೊಲಿಸಲು ಲೊಕ್ಕನಹಳ್ಳಿಯಿಂದಲೂ ಜನ ಬರುತ್ತಿದ್ದರು. ಅವರ ಕೊರಳಿನಿಂದ ಟೇಪು ಇಳಿದದ್ದನ್ನು ನಾನು ಕಂಡಿಲ್ಲ. ಅದನ್ನು ಹಾಕಿಕೊಂಡೇ ಊಟಕ್ಕೆ ಕೂರುತ್ತಿದ್ದರು, ಒಮ್ಮೊಮ್ಮೆ ಅದರ ತುದಿ ಸಾರಿನಲ್ಲಿ ಅದ್ದಿರುತ್ತಿತ್ತು.

ಅತ್ತೆಯ ಹಟಕ್ಕೆ ಯಳಂದೂರಿನ ಬಟ್ಟೆ ಅಂಗಡಿಯವನು ಒಮ್ಮೆ ಸಿಕ್ಕಿಬಿದ್ದ. ಆಷಾಢದ ಗಾಳಿಗೆ ಅಂಗಡಿಯ ಹೊರಗೆ ಸೀರೆ ಉಡಿಸಿ ನಿಲ್ಲಿಸಿದ್ದ ಬೊಂಬೆ ವಾಲಿತು, ಅವನು ಓಡಿ ಬಂದು ತಬ್ಬಿಕೊಂಡ. ನಡುಬೀದಿಯಲ್ಲಿ ಬೊಂಬೆಯ ಕೆನ್ನೆಗೆ ಕೆನ್ನೆ ಕೊಟ್ಟು, ಕಣ್ಣು ಮುಚ್ಚಿ ನಿಂತಿದ್ದಾನೆ! ಅತ್ತೆ ಬಿಡುತ್ತಾಳೆಯೇ? ಕಣ್ಣು ಬಿಟ್ಟವನಿಗೆ ಕಂಡದ್ದು ಕಿಟಕಿಯಲ್ಲಿದ್ದ ಮೊಬೈಲು. ಬಸ್ಸು ಹೊರಡುವ ಮೊದಲೇ ಕಿಟಕಿಯ ಕೆಳಗೆ ಬಂದು ಕೈ ಮುಗಿದ.

"ಅದನ್ನ ಅಳಿಸ್ಬುಡಿ ಅಮ್ಮ. ನಮ್ಮನೆಯೋಳು ನೋಡುದ್ರೆ ಏನಂದ್ಕಂಡಾಳು?"

"ಮೊದ್ಲು ನೀ ನೋಡು. ಆಮೇಲೂ ಬ್ಯಾಡ ಅಂದ್ರೆ ಅಳಿಸ್ತೀನಿ," ಎಂದು ಅತ್ತೆ ಮೊಬೈಲು ತಿರುಗಿಸಿದಳು.

ಅವನು ನೋಡಿದ. ತುಟಿ ಬಿಗಿ ಹಿಡಿದ. ಆಗಲಿಲ್ಲ, ನಕ್ಕೇಬಿಟ್ಟ. "ನಂಗೂ ಒಂದು ಕಳ್ಸಿ. ಆ ಕಂಬಿ ಮಾತ್ರ ತೆಗೆದ್ಬುಟ್ಟು."

"ಕಂಬಿ ತೆಗೆದ್ರೆ ಬೊಂಬೆನೂ ಬಿದ್ದೋಯ್ತದೆ," ಎಂದಳು ಅತ್ತೆ.

ಇನ್ನೊಮ್ಮೆ ಊರಿನ ಕೆಲವು ವರ್ತಕರು ಸೇರಿ ಕ್ಯಾಲೆಂಡರು ಮಾಡಿಸಲು ಹೊರಟರು. ನಮ್ಮ ಊರಿನ ಮಳೆ, ಚಳಿ, ಬೇಸಿಗೆಯ ಫೋಟೋಗಳು ಬೇಕೆಂದರು. ಅತ್ತೆ ಟಾರ್ಪಾಲಿನ ಕಾಲುಗಳನ್ನು ಕಳಿಸಿದಳು. ಅವರಿಗೆ ಬೇಕಿದ್ದದ್ದು ಜಲಪಾತ, ಬೆಟ್ಟ, ಬೆಟ್ಟದ ಮೇಲೊಂದು ಮೋಡ. ಮೋಡ ಒಂದು ಊರಿನದೇ ಆಗಿರುತ್ತದೆಯೇ? ಆದರೆ ವಾದ ಮಾಡುವವರು ಯಾರು? ಅವರ ಮುಖಂಡರು ಮನೆಗೇ ಬಂದು, "ಕಂಬಿ ಅಡ್ಡ ಬಂದದೆ ಕಣಮ್ಮ," ಎಂದರು. "ಅಡ್ಡ ಬಂದಿಲ್ಲ, ನಾನು ಬಸ್ಸಲ್ಲಿ ಕುಂತಿವ್ನಿ. ಕುಂತಿಲ್ಲ ಅಂತ ಯಾಕೆ ಸುಳ್ಳೇಳ್ಲಿ?" ಎಂದಳು ಇವಳು. ಆ ವರ್ಷದ ಕ್ಯಾಲೆಂಡರಿನಲ್ಲಿ ಮೋಡವೇ ಬಂತು. ಅತ್ತೆ ಅದನ್ನು ತಂದು ತಿರುಗಿಸಿ ಮೊಳೆಗೆ ಹಾಕಿ, ಖಾಲಿ ಬೆನ್ನಿನ ಮೇಲೆ ತನ್ನ ಕಾಲುಗಳನ್ನು ಅಂಟಿಸಿದಳು. ತಾರೀಕು ನೋಡಬೇಕಾದಾಗೆಲ್ಲ ಮಾವ ಪಕ್ಕದ ಮನೆಗೆ ಹೋಗಿಬರುತ್ತಿದ್ದರು.

ಪಾಪ, ಮಾವನ ಕಷ್ಟ ತಾರೀಕಿನದ್ದಷ್ಟೇ ಆಗಿರಲಿಲ್ಲ. ಊರಿನ ಬೊಂಬೆಗಳ ಫೋಟೋ ತೆಗೆಯುವ ಹೆಂಡತಿ ತಮ್ಮದೊಂದು ನೆಟ್ಟಗಿನ ಫೋಟೋ ತೆಗೆದಿಲ್ಲ ಎಂಬುದು ಅವರ ದೊಡ್ಡ ದೂರು. ಹಬ್ಬದ ದಿನ ತಲೆ ಬಾಚಿ, ಪೌಡರು ಹಚ್ಚಿ, ಬಾಗಿಲಲ್ಲಿ ಉಸಿರು ಕಟ್ಟಿ ನಿಲ್ಲುತ್ತಿದ್ದರು. ಅತ್ತೆ ಅವರ ಕಾಲ ಬಳಿ ಮಲಗಿದ್ದ ಬೆಕ್ಕಿನ ಫೋಟೋ ತೆಗೆದು ಒಳಗೆ ಹೋಗುತ್ತಿದ್ದಳು.

"ನಾಳೆ ಗೋಡೆಗೆ ಹಾಕಕ್ಕೆ ಅಂತ ಒಂದಾದ್ರು ಬ್ಯಾಡ್ವಾ?" ಎನ್ನುತ್ತಿದ್ದರು ಮಾವ.

"ಗೋಡೆಗ್ಯಾಕೆ? ಮನೆ ತುಂಬ ನೀವೇ ಇದ್ದೀರಲ್ಲ."

ಅವರದೆಂದು ಇದ್ದದ್ದು ಒಂದೇ ಫೋಟೋ. ಅದನ್ನು ತೆಗೆದ ದಿನ ಮನೆಯಲ್ಲಿ ದೊಡ್ಡ ರಾಮಾಯಣವೇ ಆಗಿತ್ತು. ಅತ್ತೆ ಮೊದಲಿನಿಂದಲೂ ಕೊಡೆ ಮರೆಯುವವಳು. ಅವಳು ಬಸ್ಸು ಹತ್ತಿದ ಮೇಲೆ ಕೊಡೆ ಹಿಡಿದು ಓಡುವುದು ಮಾವನ ಮಳೆಗಾಲದ ಕೆಲಸ. ಅವತ್ತು ಮಳೆ ಜೋರಾಗಿ ಹಿಡಿದಿತ್ತು, ಬಸ್ಸು ಹೊರಟುಬಿಟ್ಟಿತ್ತು. ಮಾವ ನಿಲ್ದಾಣದ ನೀರಿನಲ್ಲಿ ದಪದಪ ಓಡಿ ಬರುತ್ತಿದ್ದಾರೆ. ಕೊರಳಿನ ಟೇಪು ಹಾರುತ್ತಿದೆ, ಒಂದು ಚಪ್ಪಲಿ ಹಿಂದೆಯೇ ಉಳಿದಿದೆ, ಬಾಯಿ ಅಗಲವಾಗಿ ತೆರೆದಿದೆ. ಮೈಯೆಲ್ಲ ತೊಪ್ಪೆಯಾಗಿದ್ದರೂ ಕೈಯಲ್ಲಿರುವ ಕೊಡೆಯನ್ನು ಬಿಚ್ಚಿಲ್ಲ. ಕೈ ಚಾಚಿ ಕೊಡೆ ಇಸಿದುಕೊಳ್ಳಬೇಕಾದ ಅತ್ತೆ ಮೊಬೈಲು ಎತ್ತಿ ಫೋಟೋ ತೆಗೆದಳು! ಬಸ್ಸು ಹೋಯಿತು. ಸಂಜೆ ಅವಳು ನೆನೆದು ಬಂದಾಗ ಮಾವ ಜಗಲಿಯಲ್ಲಿ ಮುಖ ಊದಿಸಿಕೊಂಡು ಕೂತಿದ್ದರು.

"ಕೊಡೆ ಬಿಚ್ಕಂಡು ಬರ್ಬಾರ್ದಾಗಿತ್ತಾ?" ಎಂದು ನಾನು ಕೇಳಿದೆ.

"ಬಿಚ್ಚುದ್ರೆ ಗಾಳಿಗೆ ಓಡಕ್ಕಾಗಲ್ಲ ಕಣ್ಲಾ. ನನಗೇನು, ಒಣಗ್ತೀನಿ. ನಿಮ್ಮತ್ತೆಗೆ ನೆಗಡಿ ಬೇಗ ಹಿಡಿತದೆ," ಎಂದರು.

ಕಳೆದ ಮಾಘದಲ್ಲಿ, ಯಾರದೋ ಮದುವೆ ಕೋಟಿಗೆ ತೋಳು ಕೂಡಿಸುತ್ತ ಕೂತಿದ್ದ ಮಾವ, ಯಾರಿಗೂ ಹೇಳದೆ ಕೇಳದೆ ಕಂಬಿ ಕಿತ್ತರು. ತಮಾಷೆ ಮಾಡಿಯೇ ಹೇಳುತ್ತಿದ್ದೇನೆ, ಬೇರೆ ರೀತಿ ಹೇಳಲು ನನಗೆ ಬಾಯಿ ಬರುತ್ತಿಲ್ಲ.

ತಿಥಿಯ ದಿನ ಮಾವನ ಅಣ್ಣ ದೊಡ್ಡದೊಂದು ಫೋಟೋ ಹೊತ್ತು ಬಂದರು. ಸ್ಟುಡಿಯೋದಲ್ಲಿ ಆಧಾರ್ ಕಾರ್ಡಿನಿಂದ ಮಾವನ ತಲೆ ಎತ್ತಿ, ಅದಕ್ಕೊಂದು ಕಪ್ಪು ಕೋಟು, ಕೆಂಪು ಟೈ ಕೂರಿಸಿದ್ದರು. ಹಿಂದೆ ಯಾವುದೋ ದೇಶದ ಹೂದೋಟ. ಜೊತೆಗೆ ಗಂಧದ ಹಾರ. ಅತ್ತೆ ಅದನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದಳು. ಅಳುತ್ತಾಳೆ ಎಂದುಕೊಂಡೆವು.

"ಗುಂಡಿ ಎಡಗಡೆ ಐತಲ್ಲ ಭಾವ. ಇದು ಹೆಂಗಸರ ಕಡೆ," ಎಂದಳು. "ಜಲ್ಮೆಲ್ಲ ಕೋಟು ಒಲ್ದೋರಿಗೆ ಇದನ್ನ ತೊಡಿಸಿ ನಿಲ್ಸುದ್ರೆ, ಇಲ್ಲಿ ಬಂದೋರ ಮುಂದೆ ಅವರು ತಲೆ ಎತ್ತಾದು ಹೆಂಗೆ?"

ಎಂದವಳೇ ಒಳಗಿನಿಂದ ತನ್ನ ಫೋಟೋ ತಂದು ಗೋಡೆಗೆ ಹಾಕಿದಳು. ಅದಕ್ಕೆ ಚೌಕಟ್ಟು ಹಾಕಿಸಿದ್ದು ನಮಗ್ಯಾರಿಗೂ ಗೊತ್ತಿರಲಿಲ್ಲ. ಓಡುವ ಮಾವ, ಹಾರುವ ಟೇಪು, ಮಳೆ, ಅಡ್ಡಕ್ಕೆ ಎರಡು ಕಂಬಿ. ಬಂದವರೆಲ್ಲ ಬೆಚ್ಚಿಬಿದ್ದರು.

"ಬಾಯಿ ಬುಟ್ಕಂಡು ಓಡ್ತಾವ್ನೆ. ಇದನ್ನ ಗೋಡೆಗೆ ಹಾಕ್ತೀಯೇನವ್ವ?" ಎಂದರು ಮಾವನ ಅಣ್ಣ. "ಓಗ್ಲಿ, ಆ ಕಂಬಿನಾದ್ರು ಅಳಿಸು. ಸತ್ತೋನ ಮುಂದೆ ಕಂಬಿ ಯಾಕೆ?"

"ಕಂಬಿ ಅವ್ರ ಮುಂದೆ ಇಲ್ಲ ಭಾವ. ನನ್ನ ಮುಂದೆ ಐತೆ."

ಅವರು ಬೇರೆ ದಾರಿ ಕಾಣದೆ ಗಂಧದ ಹಾರ ಬಿಡಿಸಿಕೊಂಡು, ಅದನ್ನಾದರೂ ಹಾಕೋಣವೆಂದು ಗೋಡೆಯ ಕಡೆ ನಡೆದರು. ಅತ್ತೆ ನಡುವೆ ಬಂದು ನಿಂತಳು. ಅವಳ ದನಿ ಒಡೆದದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಹಾರ ಬ್ಯಾಡಿ. ಹಾರ ಹಾಕುದ್ರೆ ನಿಂತೋಯ್ತಾರೆ. ಓಡ್ ಬತ್ತಾವ್ರೆ, ಬರ್ಲಿ."

ಈಗ ಮತ್ತೆ ಮಳೆಗಾಲ. ಅತ್ತೆ ಮೊದಲಿನಂತೆಯೇ ಬಸ್ಸು ಹತ್ತುತ್ತಾಳೆ, ಬೇಕೆಂದೇ ನಿಲ್ದಾಣದ ಕಡೆಗಿನ ಕಿಟಕಿಯಲ್ಲಿ ಕೂರುತ್ತಾಳೆ. ಮೊನ್ನೆ ಮೋಡ ಕವಿದಿತ್ತು. ಹೊರಟವಳಿಗೆ ಮೊಳೆಯಿಂದ ಕೊಡೆ ತೆಗೆದು ಕೊಡಲು ಹೋದೆ. "ಇರ್ಲಿ ಬುಡ್ಲಾ, ಅಲ್ಲೇ ಇರ್ಲಿ," ಎಂದು ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ಮಾವನ ಫೋಟೋದ ಕೆಳಗಿನ ಮೊಳೆಗೆ ಮತ್ತೆ ತೂಗುಹಾಕಿ, ಹಾಗೆಯೇ ಹೋದಳು.