ಅತ್ತೆಯ ಮೊದಲನೇ ಪ್ರಾಶಸ್ತ್ಯ

ಈ ರಾಜ್ಯದ ಮೇಲ್ಮನೆಯನ್ನು ನಮ್ಮ ಸೋದರತ್ತೆ ಒಬ್ಬರೇ ಹೊತ್ತುಕೊಂಡು ನಿಂತಿದ್ದಾರೆ. ನಂಬುವುದಿಲ್ಲವೇ? ಬ್ಯಾಡರಹಳ್ಳಿಗೆ ಬಂದು, ಅವರ ಹಿಟ್ಟಿನ ಮಿಲ್ಲಿನ ಮುಂದೆ ನಿಂತು, "ವಿಧಾನ ಪರಿಷತ್ತು ದಂಡ ಕಣ್ರೀ" ಎಂದು ಒಂದು ಸಲ ಹೇಳಿ ನೋಡಿ. ನಿಮ್ಮ ರಾಗಿ ಅವತ್ತು ಹಿಟ್ಟಾಗುವುದಿಲ್ಲ!

ಎಂಎಲ್‌ಎ, ಎಂಪಿ ಚುನಾವಣೆಗೂ ಅತ್ತೆ ಹೋಗುತ್ತಾರೆ. ಹಾಲು ತರಲು ಹೋದ ಹಾಗೆ ಹೋಗಿ ಬರುತ್ತಾರೆ, ಅಷ್ಟೇ. "ಅದಕ್ಕೆ ಹದಿನೆಂಟು ತುಂಬಿದ್ರೆ ಸಾಕು ಕಣೋ. ವಯಸ್ಸು ಯಾರಿಗೆ ಆಗಲ್ಲ?" ಅನ್ನುತ್ತಾರೆ. ಅವರದೇನಿದ್ದರೂ ಆರು ವರ್ಷಕ್ಕೊಮ್ಮೆ ಬರುವ ಪದವೀಧರ ಕ್ಷೇತ್ರದ ಚುನಾವಣೆ. ಡಿಗ್ರಿ ಆದವರಿಗೆ ಮಾತ್ರ ವೋಟು. ಬಟನ್ ಒತ್ತಿ ಬರುವ ಹಾಗಿಲ್ಲ. ಅಲ್ಲಿ ಕೊಡುವ ನೇರಳೆ ಪೆನ್ನಿನಲ್ಲೇ ಅಭ್ಯರ್ಥಿಗಳ ಹೆಸರಿನ ಮುಂದೆ ಒಂದು, ಎರಡು, ಮೂರು ಎಂದು ಪ್ರಾಶಸ್ತ್ಯ ಬರೆಯಬೇಕು. ಒಂದನೆಯವನು ಸೋತು ಹೊರಬಿದ್ದರೆ ವೋಟು ಎರಡನೆಯವನಿಗೆ ಹೋಗುತ್ತದೆ. ಅತ್ತೆ ಐವತ್ತು ದಾಟಿದ ಮೇಲೆ ಮಿಲ್ಲಿನ ಸದ್ದಿನಲ್ಲೇ ಕೂತು ಓದಿ, ಮನೆಯಿಂದಲೇ ಬಿಎ ಪಾಸು ಮಾಡಿದವರು. ನಾನು? ಡಿಪ್ಲೊಮಾ. ನನಗೆ ಈ ವೋಟಿಲ್ಲ. ನಾಲ್ಕು ಜನ ಸೇರಿದ ಕಡೆಯೆಲ್ಲ ಅತ್ತೆ ಅದನ್ನು ಮರೆಯದೆ ಹೇಳುತ್ತಾರೆ.

ಈ ಪ್ರಾಶಸ್ತ್ಯದ ಹುಚ್ಚು ಅಡುಗೆಮನೆಗೂ ನುಗ್ಗಿತು. ಭಾನುವಾರದ ಬಾಡೂಟಕ್ಕೆ ಕೋಳಿಯೋ ಕುರಿಯೋ ಎಂದು ತೀರ್ಮಾನವಾಗಬೇಕಾದರೂ ಚೀಟಿ! ಒಂದು ಸಲ ಮಾವ ಆಸೆಗೆ ಬಿದ್ದು ಎರಡರ ಮುಂದೆಯೂ 'ಒಂದು' ಎಂದೇ ಬರೆದರು. "ನಿಮ್ಮ ವೋಟು ಕುಲಗೆಟ್ಟಿದೆ" ಎಂದರು ಅತ್ತೆ. ಅವತ್ತು ಮಾವನಿಗೆ ಬರೀ ಸಾರು.

ಮಗಳಿಗೆ ಗಂಡು ನೋಡುವಾಗಲೂ ಅದೇ ಕತೆ. ಹುಡುಗನ ತಾಯಿ ಫೋನ್ ಮಾಡಿ, "ಏನ್ ತೀರ್ಮಾನ ಮಾಡಿದ್ರಿ?" ಎಂದು ಕೇಳಿದರು. ಅತ್ತೆ ಬಹಳ ಗೌರವದಿಂದಲೇ ಹೇಳಿದರು: "ನಿಮ್ಮ ಹುಡುಗನಿಗೆ ಎರಡನೇ ಪ್ರಾಶಸ್ತ್ಯ ಕೊಟ್ಟಿದೀವಿ. ಮೊದಲನೆಯವನು ಕೈಕೊಟ್ರೆ ನೀವೇ ಗೆದ್ರಿ ಅಂತ ತಿಳ್ಕೊಳಿ!" ಆ ಕಡೆ ಫೋನ್ ಇಟ್ಟ ಸದ್ದು ನನಗೂ ಕೇಳಿಸಿತು.

ಹೋದ ಚುನಾವಣೆಯಲ್ಲಿ ಅಭ್ಯರ್ಥಿಯೊಬ್ಬರು ಹಿಂಬಾಲಕರ ಜೊತೆ ಕುಕ್ಕರ್ ಹಿಡಿದುಕೊಂಡು ಮಿಲ್ಲಿಗೆ ಬಂದರು. ಅತ್ತೆ ಸ್ಟೂಲು ಎಳೆದು ಅವರನ್ನು ಕೂರಿಸಿದರು. "ಮೇಲ್ಮನೆ ಯಾಕೆ ಬೇಕು? ಹೇಳಿ, ಕೇಳ್ತೀನಿ" ಎಂದರು. ಅವರು ಬೆವರು ಒರೆಸಿಕೊಂಡು, "ಪದವೀಧರರ ಸೇವೆಗೆ ತಾಯಿ" ಎಂದರು. "ಇದು ಉತ್ತರ ಅಲ್ಲ. ಓದ್ಕೊಂಡು ಇನ್ನೊಂದ್ಸಲ ಬನ್ನಿ. ಕುಕ್ಕರ್ ಎತ್ಕೊಳಿ. ಬಿಎಗೆ ಕುಕ್ಕರ್ ಆದ್ರೆ ಪಿಯುಸಿಯವ್ರಿಗೆ ಏನ್ ಕೊಡ್ತೀರಿ, ಲೋಟನಾ?" ಪಾಪ, ಆ ಮನುಷ್ಯ ಹೋಗುವಾಗ ಅವರ ಬಿಳಿ ಅಂಗಿಯ ತುಂಬ ರಾಗಿ ಹಿಟ್ಟು.

ಆದರೆ ಆ ಸಲ ಅತ್ತೆಯ ವೋಟಿಗೇ ಸಂಚಕಾರ ಬಂದಿತ್ತು. ಈ ಚುನಾವಣೆಗೆ ಪ್ರತಿ ಸಲವೂ ಮತದಾರರ ಪಟ್ಟಿಗೆ ಹೊಸದಾಗಿ ಹೆಸರು ಬರೆಸಬೇಕು. ಒಮ್ಮೆ ಬರೆಸಿದರೆ ಮುಗಿಯಿತು ಅನ್ನುವ ಹಾಗಿಲ್ಲ. ಅತ್ತೆ ಮಿಲ್ಲಿನಿಂದ ನೇರ ತಾಲ್ಲೂಕು ಕಚೇರಿಗೆ ಹೋದರು, ಡ್ರೈವರ್ ನಾನೇ. ತಲೆಯ ಮೇಲೆ, ಸೆರಗಿನ ಮೇಲೆ ಹಿಟ್ಟು. ಗುಮಾಸ್ತ ತಲೆ ಎತ್ತಿ ನೋಡಿ, "ಆಂಟಿ, ಮನೇಲಿ ಡಿಗ್ರಿ ಆದವ್ರು ಯಾರಾದ್ರೂ ಇದ್ರೆ ಅವರನ್ನೇ ಕಳ್ಸಿ" ಎಂದ.

"ಬಂದಿದೀನಲ್ಲಪ್ಪ!"

ಅವನು ಪೆಚ್ಚಾದ. ಆದರೂ ಬಿಡಲಿಲ್ಲ. ಪದವಿ ಪತ್ರದಲ್ಲಿ ಅಪ್ಪನ ಇನಿಷಿಯಲ್ಲು, ವೋಟರ್ ಕಾರ್ಡಿನಲ್ಲಿ ಗಂಡನ ಇನಿಷಿಯಲ್ಲು. ಎರಡೂ ಹೆಸರು ಒಬ್ಬರದೇ ಎಂದು ಅಫಿಡವಿಟ್ ಬೇಕಂತೆ, ಇಲ್ಲದಿದ್ದರೆ ಹೆಸರು ಸೇರುವುದಿಲ್ಲವಂತೆ, ಅವತ್ತೇ ಕೊನೆಯ ದಿನವಂತೆ. ಅತ್ತೆಯ ದನಿ ಮಿಲ್ಲಿನಲ್ಲಿ ಏರುವಷ್ಟು ಏರಿತು.

"ಕಾಲೇಜು ಬಿಡಿಸಿ ಮದುವೆ ಮಾಡಿದ್ದು ಅಪ್ಪ. ಓದಿ ಯಾವ ಕಲೆಕ್ಟರ್ ಆಗ್ತೀಯ ಅಂದಿದ್ದು ಗಂಡ. ಪರೀಕ್ಷೆ ಬರ್ದಿದ್ದು ನಾನು. ಇಬ್ರ ಇನಿಷಿಯಲ್ಲೂ ಕಿತ್ತಾಕಿ, ನನ್ನ ಹೆಸರು ಬರ್ಕೊಳಿ!"

ಇಡೀ ಕಚೇರಿ ನಮ್ಮನ್ನೇ ನೋಡುತ್ತಿತ್ತು. ನನಗೆ ನಾಚಿಕೆಯೂ ಆಯಿತು, ಚಪ್ಪಾಳೆ ಹೊಡೆಯಬೇಕು ಅಂತಲೂ ಅನಿಸಿತು. ಇನಿಷಿಯಲ್ಲು ಕಿತ್ತುಹಾಕಲು ಕಾನೂನು ಬಿಡಬೇಕಲ್ಲ! ನೋಟರಿಯನ್ನು ಹುಡುಕಿ ಅಫಿಡವಿಟ್ ಮಾಡಿಸಿ, ಕಚೇರಿ ಮುಚ್ಚುವ ಮೊದಲು ಓಡಿ ಬಂದೆವು. ರಸೀದಿ ಕೈಗೆ ಬರುವವರೆಗೂ ಅತ್ತೆ ಆ ಗುಮಾಸ್ತನ ಎದುರಿನ ಕುರ್ಚಿಯಿಂದ ಏಳಲಿಲ್ಲ.

ಮತದಾನದ ದಿನ ಮಿಲ್ಲಿಗೆ ರಜಾ. ಅತ್ತೆ ಮಗಳ ಮದುವೆಗೆ ಉಟ್ಟ ರೇಷ್ಮೆ ಸೀರೆ ಉಟ್ಟು ಬಂದರು. ಮತಗಟ್ಟೆಯ ಗೇಟಿನಲ್ಲಿ ತಮ್ಮ ಚೀಲ, ಫೋನು ಎರಡನ್ನೂ ನನ್ನ ಕೈಗೆ ತುರುಕಿ, "ಡಿಪ್ಲೊಮಾ, ಇಲ್ಲೇ ನಿಂತಿರು" ಎಂದು ಒಳಗೆ ಹೋದರು.

ಹೊರಗೆ ಬಂದಾಗ ಅವರ ಕಣ್ಣು ಒದ್ದೆಯಾಗಿತ್ತು. ನನಗೆ ಗಾಬರಿಯಾಯಿತು. "ಯಾಕತ್ತೆ? ವೋಟು ಹಾಕಕ್ಕೆ ಬಿಡ್ಲಿಲ್ವಾ?"

"ಹಾಕ್ದೆ ಕಣೋ. ಒಳಗೆ ನನ್ನ ಹೆಸರು ಗಟ್ಟಿಯಾಗಿ ಕೂಗಿದ್ರು." ಸೆರಗಿನಿಂದ ಕಣ್ಣೊರೆಸಿಕೊಂಡರು. "ಡಿಗ್ರಿ ಬಂದಾಗ ಮನೇಲಿ ಯಾರೂ ಅದನ್ನ ಬಿಚ್ಚಿ ನೋಡ್ಲಿಲ್ಲ. ಆ ವಯಸ್ಸಲ್ಲಿ ಕೆಲಸ ಯಾರು ಕೊಡ್ತಾರೆ? ಡಿಗ್ರಿ ಆಗಿದೆಯೇನಮ್ಮ ಅಂತ ನನ್ನ ಕೇಳೋದು ಇಡೀ ಪ್ರಪಂಚದಲ್ಲಿ ಇದೊಂದೇ ಜಾಗ."

ಮೇಲ್ಮನೆ ದಂಡ ಎಂದು ನಾನೇ ಎಷ್ಟೋ ಸಲ ಅವರನ್ನು ರೇಗಿಸಿದ್ದೆ. ಅತ್ತೆ ಆಗಲೇ ಸೆರಗು ಸಿಕ್ಕಿಸಿಕೊಂಡು ಸ್ಕೂಟರಿನ ಹಿಂದೆ ಹತ್ತಿ ಕೂತಿದ್ದರು.

"ಮುಂದಿನ್ಸಲಕ್ಕೆ ನಂಗೆ ಎಪ್ಪತ್ತಾಗತ್ತೆ. ಅಷ್ಟರಲ್ಲಿ ನೀನೂ ಒಂದು ಡಿಗ್ರಿ ಮಾಡ್ಕೊಳೋ. ಒಬ್ಳೇ ಒಳಗೆ ಹೋಗಕ್ಕೆ ಒಂಥರಾ ಆಗತ್ತೆ."

ನಾನು ಅವರ ಚೀಲವನ್ನು ನನ್ನ ಹೆಗಲಿಗೇ ಹಾಕಿಕೊಂಡು ಗಾಡಿ ಸ್ಟಾರ್ಟ್ ಮಾಡಿದೆ.

"ಬಿಎಗೆ ಯಾವ ಸಬ್ಜೆಕ್ಟ್ ತಗೊಳ್ಲಿ ಅತ್ತೆ?"